ಹಿರಿಯರ ಮಹಾಧಮನಿ ಮತ್ತು ಸ್ಕ್ಯಾನಿಂಗ್ ಪರೀಕ್ಷೆ



ಸ್ಕ್ಯಾನಿಂಗ್ ಎಂದೊಡನೆ ಹಳ್ಳಿಗಳಲ್ಲಿ ಗರ್ಭಿಣಿಯರ ನೆನಪಾಗುತ್ತದೆ. ಬೀಡಿ ಸೇದುವ ಹಿರಿಯರ ಜೀವವನ್ನೂ ಅದೇ ಯಂತ್ರ ಉಳಿಸಬಲ್ಲದೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಹೃದಯದಿಂದ ಹೊರಡುವ ಮಹಾಧಮನಿಯು ಬೆನ್ನುಮೂಳೆಯ ಮುಂದುಗಡೆ ಹೊಟ್ಟೆಗಿಳಿಯುತ್ತದೆ. ಅಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಧೂಮಪಾನ, ರಕ್ತದೊತ್ತಡ, ವಯಸ್ಸುಗಳಿಂದ ಗೋಡೆ ಸಡಿಲಗೊಂಡರೆ, ಸವೆದ ಸೈಕಲ್ ಟ್ಯೂಬಿನಂತೆ ಉಬ್ಬುತ್ತದೆ. 3 ಸೆಂ.ಮೀ. ಮುಟ್ಟಿದರೆ ಅದು ರೋಗ; ಪುರುಷರಲ್ಲಿ 5.5 ಸೆಂ.ಮೀ. ಆದಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಒಡೆಯುವವರೆಗೆ ಬಹುತೇಕರಿಗೆ ಯಾವ ಲಕ್ಷಣವೂ ತೋರದು. ಒಡೆದ ಮೇಲೆ ಸಿರುಗುಪ್ಪದ ಗದ್ದೆಯಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಯೇ ಬಹುದೂರ. ವಿಜ್ಞಾನಿ ಐನ್‌ಸ್ಟೈನ್ 1955ರಲ್ಲಿ ನಿಧನರಾದುದು ಹೀಗೆಯೇ.

ಪರೀಕ್ಷೆಯೋ ಕೆಲವೇ ನಿಮಿಷಗಳದು. ಸೂಜಿಯಿಲ್ಲ, ವಿಕಿರಣವಿಲ್ಲ. ಹೊಟ್ಟೆಯಲ್ಲಿ ವಾಯು ತುಂಬಿದ್ದರೆ ಧಮನಿ ಮರೆಯಾಗುವುದರಿಂದ ಖಾಲಿ ಹೊಟ್ಟೆಯಲ್ಲಿ ಹೋಗುವುದು ಲೇಸು. ಆದರೆ ಯಂತ್ರ ಅಳೆಯುವುದು ಅಗಲವನ್ನು, ಗೋಡೆಯ ಬಲವನ್ನಲ್ಲ. ಆದಕಾರಣ ಸಣ್ಣ ಉಬ್ಬಿದ್ದವರು ವೈದ್ಯರು ಹೇಳಿದ ಅವಧಿಗೆ ಮರಳಿ ಬರಲೇಬೇಕು. ಬಾರದಿದ್ದರೆ ಮೊದಲ ಪರೀಕ್ಷೆ ವ್ಯರ್ಥ.

ಬ್ರಿಟನ್ನಿನಲ್ಲಿ 65 ತುಂಬುವ ಪುರುಷರನ್ನೆಲ್ಲ ಈ ಪರೀಕ್ಷೆಗೆ ಕರೆಯುತ್ತಾರೆ. ಇಲ್ಲಿ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವುದು ಸಾಧುವಲ್ಲ. 65 ದಾಟಿದ, ಬೀಡಿ ಸಿಗರೇಟು ಸೇದಿದ ಪುರುಷರು ಮತ್ತು ಒಡಹುಟ್ಟಿದವರಿಗೆ ಈ ರೋಗವಿದ್ದವರು ಮೊದಲು. ಕುರುಗೋಡು, ಸಿರುಗುಪ್ಪ ಭಾಗದ ಗ್ರಾಮ ಪಂಚಾಯಿತಿ ಸದಸ್ಯರು ಆಶಾ ಕಾರ್ಯಕರ್ತೆಯರೊಡನೆ ಇಂಥವರನ್ನು ಗುರುತಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಬಹುದು. ಸ್ಕ್ಯಾನಿಂಗ್ ಬೇಕೇ ಎಂಬ ನಿರ್ಧಾರ ವೈದ್ಯರದು. ಊರಿಗೇ ಯಂತ್ರ ತರಿಸಿ ಶಿಬಿರ ನಡೆಸುವ ಉತ್ಸಾಹ ಮಾತ್ರ ಬೇಡ. ಭ್ರೂಣಲಿಂಗ ಪತ್ತೆ ನಿಷೇಧದ 1994ರ ಕಾಯ್ದೆ ಈ ಯಂತ್ರಗಳಿಗೆ ಕಟ್ಟುನಿಟ್ಟಿನ ನೋಂದಣಿ ವಿಧಿಸಿದೆ.

ಅಂಥ ಹಿರಿಯರಿಗೆ ಹಠಾತ್ತನೆ ಹೊಟ್ಟೆ ಅಥವಾ ಬೆನ್ನಿನಲ್ಲಿ ತೀವ್ರ ನೋವು ಬಂದು ತಲೆಸುತ್ತಿದರೆ, ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂರದೆ, ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.