ಹಳೆಯ ಕಾರ್ಖಾನೆಯ ಸೂರು ಯಾರಿಗೆ?



ಬೆಂಗಳೂರಿನ ಬಿನ್ನಿ ಮಿಲ್ಲು ನೆಲಸಮವಾಗಿ ಅಲ್ಲಿ ಬಹುಮಹಡಿ ವಸತಿಗಳು ಎದ್ದವು. ಅದೇ ನಗರದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯ ಗತಿ ಬೇರೆ. 2002ರಲ್ಲಿ ಅದು ಮುಚ್ಚಿದ ಮೇಲೆ ಆವರಣದಲ್ಲಿ ಮರಗಳು ದಟ್ಟವಾಗಿ ಬೆಳೆದವು. 2024ರಲ್ಲಿ ರಾಜ್ಯ ಸರ್ಕಾರವು ಅಲ್ಲಿ 65 ಎಕರೆಯ ವೃಕ್ಷೋದ್ಯಾನವನ್ನು ರೂಪಿಸಿ, ಹಳೆಯ ಶೆಡ್ಡುಗಳನ್ನೂ ಉಳಿಸಿ ಬಳಸಲು ಮುಂದಾಯಿತು. ಸ್ವಾಗತಾರ್ಹವೇ, ಆದರೆ ಅಂಥ ಶೆಡ್ಡಿನ ಬಾಡಿಗೆಯನ್ನು ಯಾರು ತೆರಬಲ್ಲರು?

ಈ ಪ್ರಶ್ನೆ ರಾಮದುರ್ಗಕ್ಕೂ ಸಲ್ಲುತ್ತದೆ. ಇಲ್ಲಿ ನೇಕಾರನ ಮನೆಯೇ ಕಾರ್ಖಾನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಮಗ್ಗವೂ ನೂಲೂ ಮನೆಯೊಡನೆಯೇ ನೀರುಪಾಲಾದುವು. ಎತ್ತರದ ನೆಲದಲ್ಲಿ ಪಾಳುಬಿದ್ದ ಗೋದಾಮೊಂದು ದೊರೆತರೆ ನೇಯ್ಗೆ, ಬಣ್ಣಗಾರಿಕೆ, ಹೊಲಿಗೆ, ಮಾರಾಟ ಒಂದೇ ಸೂರಿನಡಿ ನಡೆದಾವು. ಬಣ್ಣದ ನೀರು ಹೊಳೆ ಸೇರದಂತೆ ಒಂದೇ ಕಡೆ ಶುದ್ಧಗೊಳಿಸುವುದೂ ಸುಲಭ. ಗೋಡೆಗೆ ಸುಣ್ಣ ಬಳಿಯುವ ಮುನ್ನವೇ ನೇಕಾರರೊಡನೆ ಕುಳಿತು ಬಾಡಿಗೆಯ ದರವನ್ನು ಗೊತ್ತುಮಾಡಬೇಕು.