ಹಳೆಯ ಗಣಕಯಂತ್ರಕ್ಕೆ ದೊಡ್ಡ ಯಂತ್ರದ ಕಿಟಕಿ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ದಾನವಾಗಿ ಬಂದ ಐದು ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಹಾಕಬೇಕೆ, ಇಲ್ಲವೆ ಅವುಗಳಿಂದ ಕೆಲಸ ತೆಗೆಯಬಹುದೆ ಎಂಬುದು ಇಂದಿನ ವಿಚಾರ. ನಾಗಪುರದಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡ ಓದಲು ಬರುವುದು ಇಲ್ಲಿಗೇ. ಒಂದೇ ಪರದೆಯ ಮುಂದೆ ಎಂಟು ತಲೆಗಳು! ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಯಂತ್ರಶಾಸ್ತ್ರ ಓದಿದವರಲ್ಲ. ಆದರೂ ಆ ಐದನ್ನು ಉಳಿಸಿಕೊಳ್ಳಬಹುದೆಂದೇ ನಮ್ಮ ಅಭಿಪ್ರಾಯ.

2015ರವರೆಗೆ ಇಲ್ಲಿಂದ ಛಿಂದವಾಡಕ್ಕೆ ಎರಡೂವರೆ ಅಡಿ ಹಳಿಯ ಪುಟ್ಟ ಗಾಡಿ ಓಡುತ್ತಿದ್ದುದು ತಮಗೆ ನೆನಪಿರಬಹುದು. ಅದರ ಡಬ್ಬಿ ಐದೂವರೆ ಅಡಿಯ ದೊಡ್ಡ ಹಳಿಗೆ ಬಾರದು. ಮೂಟೆ ಇಳಿಸಿ ಮತ್ತೆ ಹೇರಬೇಕು. ಗಣಕಯಂತ್ರದ ಪರದೆಯಲ್ಲಿ ತೆರೆಯುವ ಕಿಟಕಿಗಳ ಸ್ಥಿತಿಯೂ ಇದೇ. ಮನೆಯ ಯಂತ್ರಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಬಗೆ. ವಿಶ್ವವಿದ್ಯಾಲಯಗಳ ದೊಡ್ಡ ಯಂತ್ರಗಳಿಗಾದರೋ ಅಮೆರಿಕದ ಎಂ.ಐ.ಟಿ.ಯಲ್ಲಿ 1984ರಲ್ಲಿ ‘ಎಕ್ಸ್’ ಎಂಬ ಸಾಮಾನ್ಯ ಪದ್ಧತಿ ಹುಟ್ಟಿತು. 1987ರಲ್ಲಿ ಬಂದ ಅದರ 11ನೆಯ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ.

ಅದರ ಗುಟ್ಟು ಇಷ್ಟೆ. ಕೆಲಸ ಮಾಡುವ ಯಂತ್ರ ಒಂದು ಕಡೆ, ಅದನ್ನು ತೋರಿಸುವ ಪರದೆ ಇನ್ನೊಂದು ಕಡೆ ಇರಬಹುದು. ‘ಇಲ್ಲಿ ಗೆರೆ ಎಳೆ, ಅಲ್ಲಿ ಬಣ್ಣ ತುಂಬು’ ಎಂಬ ಅಪ್ಪಣೆ ತಂತಿಯಲ್ಲಿ ಬರುತ್ತದೆ. ಪರದೆಯ ಬಳಿಯ ಯಂತ್ರ ಅದನ್ನು ನಡೆಸಿ, ನಾವು ಒತ್ತಿದ ಕೀಲಿಗಳ ಸುದ್ದಿಯನ್ನು ಹಿಂದಕ್ಕೆ ಕಳಿಸುತ್ತದೆ. (ಈ ಬಡ ಯಂತ್ರಕ್ಕೇ ‘ಸರ್ವರ್’ ಎಂದು ಹೆಸರು. ಸೇವೆ ಮಾಡುವುದು ಅದೇ ತಾನೆ!) ಆದ್ದರಿಂದ ಶಕ್ತಿಯುಳ್ಳ ಯಂತ್ರ ಒಂದಿದ್ದರೆ ಹಳೆಯ ಐದೂ ಅದರ ಪರದೆಗಳಾಗಬಲ್ಲವು. 1999ರಲ್ಲಿ ಆರಂಭವಾದ ಎಲ್.ಟಿ.ಎಸ್.ಪಿ. ಎಂಬ ಉಚಿತ ವ್ಯವಸ್ಥೆ ಹೊರಟದ್ದು ಇದೇ ತತ್ತ್ವದಿಂದ.

ಕನ್ನಡದ ಗತಿಯೇನೆಂದು ಕೆಲವರು ಕೇಳಿದರು. ಕೇಳಬೇಕಾದ ಮಾತೇ. ಹಳೆಯ ಎಕ್ಸ್ ಅಕ್ಷರಗಳನ್ನು ಒಂದರ ಪಕ್ಕಕ್ಕೊಂದು ಇಡಬಲ್ಲದೇ ಹೊರತು ‘ಸ್ತ್ರೀ’ ಎಂಬಲ್ಲಿಯ ಎರಡು ಒತ್ತುಗಳನ್ನು ಕೂಡಿಸಲಾರದು. 1991ರಲ್ಲಿ ಯೂನಿಕೋಡ್ ನಮ್ಮ ಅಕ್ಷರಗಳಿಗೆ ಸಂಖ್ಯೆ ಕೊಟ್ಟಿತು. ಒತ್ತು ಕೂಡಿಸುವ ಭಾರವನ್ನು ಮುಂದೆ ಪಾಂಗೋ, ಹಾರ್ಫ್‌ಬಜ್ ಎಂಬ ತಂತ್ರಾಂಶಗಳು ಹೊತ್ತುಕೊಂಡವು. ಅವು ಇರುವುದು ಕೆಲಸದ ಯಂತ್ರದಲ್ಲಿ. ಬಡ ಪರದೆಗೆ ಕನ್ನಡದ ವ್ಯಾಕರಣವೇ ಬೇಡ; ಸಿದ್ಧವಾದ ರೂಪ ಬಂದರೆ ತೋರಿಸಿಬಿಡುತ್ತದೆ.

ಎಕ್ಸ್‌ಗೆ ಮುಪ್ಪು ಬಂದಿದೆ ಎಂಬುದು ಸುಳ್ಳಲ್ಲ. ಒಂದು ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನು ಇನ್ನೊಂದು ಕಿಟಕಿಯ ಕಾರ್ಯಕ್ರಮ ಕದ್ದು ನೋಡಬಲ್ಲದು. ಆದಕಾರಣ ಇಲ್ಲಿ ಬ್ಯಾಂಕಿನ ವ್ಯವಹಾರ ಖಂಡಿತ ಕೂಡದು. 2008ರಲ್ಲಿ ಶುರುವಾದ ವೇಲ್ಯಾಂಡ್ ಈ ದೋಷವನ್ನು ಕಳೆಯಲು ಹೊರಟದ್ದು. ಆಪಲ್ 2012ರಲ್ಲಿ ತನ್ನ ಯಂತ್ರಗಳೊಡನೆ ಎಕ್ಸ್ ಕೊಡುವುದನ್ನು ನಿಲ್ಲಿಸಿತು. ಆದರೆ ಮೈಕ್ರೋಸಾಫ್ಟ್ 2021ರಲ್ಲಿ ವಿಂಡೋಸ್ 11ರೊಳಗೆ ಎರಡೂ ಪದ್ಧತಿಯ ಕಿಟಕಿಗಳಿಗೆ ಎಡೆ ಮಾಡಿಕೊಟ್ಟಿತು. ಅಷ್ಟು ದೊಡ್ಡ ಕಂಪನಿಯೇ ಹಳಿ ಕೂಡಿಸಿಕೊಂಡಿರುವಾಗ ಮನೆಯ ಯಂತ್ರಕ್ಕೆ ಇದೇಕೆ ಎಂಬ ವಾದ ನಮಗೆ ಒಪ್ಪಿಗೆಯಾಗದು.

ಒಂದು ಒಳ್ಳೆಯ ಯಂತ್ರ ಕೊಳ್ಳಲು ಕಾರ್ಯಕಾರಿ ಸಮಿತಿ ಒಪ್ಪಿಗೆ ಕೊಡಲಿ. ತಂತಿ ಎಳೆಯುವ ಕೆಲಸ ನಮ್ಮದು. ಎರಡು ಭಾನುವಾರ ಸಾಕು. ವಂತಿಗೆ ಕೊಡುವವರು ಹೊರಡುವ ಮುನ್ನ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆಯಿರಿ.