ಶಿವಪ್ಪ ನಾಯಕರ ಮನೆ ಲೆಕ್ಕ

ಜನ್ನಾಪುರದ ನಮ್ಮ ಮನೆಯಿಂದಾನೇ ಮಾತಾಡ್ತಿದ್ದೀನಿ. ಹಿಂದೆ ಕುಕ್ಕರ್ ಕೂಗಿದ್ರೆ ಸಹಿಸ್ಕೊಳ್ಳಿ.

ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಮುಂದೆ ಸೆಲ್ಫಿ ತಗೊಂಡವರು ಎಷ್ಟೋ ಜನ. ಆ ಮನೆತನದ ಕಥೆ ಗೊತ್ತಾ?

ಮೊದಲು ದಂಡು ನಡೆಸ್ತಿದ್ದ ಶಿವಪ್ಪ ನಾಯಕರು 1645ರಲ್ಲಿ ಕೆಳದಿ ಗದ್ದುಗೆಗೆ ಬಂದ್ರು. ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆಗಳನ್ನ ಕಿತ್ಕೊಂಡ್ರು. ನಾನು ಬಿಕಾಂ ಓದಿದವನು, ನನಗೆ ಯುದ್ಧಕ್ಕಿಂತ ಇಷ್ಟ ಅವರ 'ಶಿಸ್ತು'. ಜಮೀನು ಎಷ್ಟು ಬೆಳೆಯುತ್ತೆ ಅಂತ ನೋಡಿ, ಐದು ದರ್ಜೆ ಮಾಡಿ ಕಂದಾಯ ಕಟ್ಟಿದ್ದು.

ಹೊಲದ ಲೆಕ್ಕ ಇಷ್ಟು ಚೊಕ್ಕ. ಮನೆ ಲೆಕ್ಕ ಮಾತ್ರ ಕೈಕೊಡ್ತು. 1660ರಲ್ಲಿ ಅವರು ತೀರ್ಕೊಂಡ ಮೇಲೆ ತಮ್ಮ ವೆಂಕಟಪ್ಪ, ಮಗ ಭದ್ರಪ್ಪ, ಇನ್ನೊಬ್ಬ ಮಗ ಸೋಮಶೇಖರ, ಹತ್ತು-ಹನ್ನೆರಡು ವರ್ಷದಲ್ಲಿ ಮೂವರು ಬಂದುಹೋದ್ರು. ಸೋಮಶೇಖರರಿಗೆ ಮಕ್ಕಳೂ ಇರಲಿಲ್ಲ.

ಆಗ ಗಟ್ಟಿಯಾಗಿ ನಿಂತಿದ್ದು ಸೋಮಶೇಖರರ ಹೆಂಡತಿ, ಅಂದ್ರೆ ಶಿವಪ್ಪ ನಾಯಕರ ಸೊಸೆ ಚೆನ್ನಮ್ಮ. ಕೋಟಿಪುರದ ವ್ಯಾಪಾರಿ ಸಿದ್ದಪ್ಪ ಶೆಟ್ಟರ ಮಗಳು! (ಕಾಮರ್ಸ್‌ನವರಿಗೆ ಒಂದು ಚಪ್ಪಾಳೆ.) 1671ರಿಂದ 1696ರವರೆಗೆ ಆಳಿದ್ರು. 1689ರಲ್ಲಿ ಮೊಘಲರಿಂದ ತಪ್ಪಿಸ್ಕೊಂಡು ಬಂದ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ರು, ಅದಕ್ಕೆ ಔರಂಗಜೇಬನ ಸೈನ್ಯವನ್ನೇ ಎದುರಿಸಬೇಕಾಯ್ತು. ದತ್ತು ತಗೊಂಡಿದ್ದೂ ಶೆಟ್ಟರ ಮನೆ ಹುಡುಗ ಬಸಪ್ಪನನ್ನೇ. ಅವರೇ ಮುಂದೆ ಬಸವಪ್ಪ ನಾಯಕ.